ಲಿಂಕ್ ವೇಗ 1201 ಎಂದು ಬರುವುದು ಹೇಗೆ, ರಿಪೇರಿಯ ನಂತರ 600 ಕಂಡರೆ ಏನು ನೋಡಬೇಕು

ಬ್ಯಾಟರಿ ಬದಲಿಸಿದ ಮೇಲೆ ವೈ-ಫೈ ನಿಧಾನವಾಗಿದೆ ಎಂದು ಹೊಸ ಫೋನೊಂದು ಮರಳಿ ಬಂದಾಗ, ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ನಾನು ಮೊದಲು ವೈ-ಫೈ ಐಸಿಯ (ಬೋರ್ಡಿನ ಮೇಲಿನ ವೈ-ಫೈ ಚಿಪ್) ಮೇಲೆಯೇ ಸಂಶಯಪಟ್ಟೆ. ಸೆಟ್ಟಿಂಗ್ಸ್‌ನಲ್ಲಿ ಕಾಣುವ ಲಿಂಕ್ ವೇಗವನ್ನು (ಫೋನ್ ಮತ್ತು ರೂಟರ್ ನಡುವಿನ ವೇಗ, ಸೆಕೆಂಡಿಗೆ ಮೆಗಾಬಿಟ್ ಲೆಕ್ಕದಲ್ಲಿ) ಓದಲು ಬಂದಿದ್ದರೆ ಬೋರ್ಡಿಗೆ ಕೈ ಹಾಕುವ ಅಗತ್ಯವೇ ಇರಲಿಲ್ಲ.

ವೈ-ಫೈ 6ರ 80 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ದತ್ತಾಂಶ ಹೊರುವ ಉಪವಾಹಕಗಳು, ಅಂದರೆ ಚಾನೆಲ್ಲನ್ನು ಸಣ್ಣದಾಗಿ ಸೀಳಿದ ಎಳೆಗಳು, 980. ಪ್ರತಿಯೊಂದೂ ಒಂದು ಸಲಕ್ಕೆ ಗರಿಷ್ಠ 10 ಬಿಟ್ ಹೊರುತ್ತದೆ. ಅದರಲ್ಲಿ ಆರನೇ ಒಂದು ಪಾಲು ದೋಷ ತಿದ್ದಲು ಮೀಸಲು. ಹೀಗೆ ಉಳಿಯುವುದು ಸುಮಾರು 8,167 ಬಿಟ್. ಇದನ್ನು ಸಮಯದಿಂದ ಭಾಗಿಸುವಲ್ಲಿ ನಾನು ಎರಡು ದಿನ ಸಿಕ್ಕಿಬಿದ್ದಿದ್ದೆ. ಒಂದು ಸಂಕೇತದ, ಅಂದರೆ ಆ ಒಂದು ಸಲದ ರವಾನೆಯ, ಅವಧಿ 12.8 ಮೈಕ್ರೊಸೆಕೆಂಡ್ ಎಂದು ಭಾಗಿಸಿದರೆ 638 ಬರುತ್ತಿತ್ತು. ಆ ಅಂಕಿಯನ್ನು ಯಾವ ಫೋನೂ ತೋರಿಸುತ್ತಿರಲಿಲ್ಲ. ಗೋಡೆಗೆ ಬಡಿದು ತಡವಾಗಿ ತಲುಪುವ ಹಿಂದಿನ ಸಂಕೇತದ ಪ್ರತಿಧ್ವನಿ ಮುಂದಿನದರ ಮೇಲೆ ಬೀಳಬಾರದೆಂದು ನಡುವೆ ಕನಿಷ್ಠ 0.8 ಮೈಕ್ರೊಸೆಕೆಂಡ್ ಬಿಡುವು ಇರುತ್ತದೆ, ಅದನ್ನೂ ಅವಧಿಗೆ ಕೂಡಿಸಬೇಕು. 13.6ರಿಂದ ಭಾಗಿಸಿದಾಗ ಸೆಕೆಂಡಿಗೆ 600.5 ಮೆಗಾಬಿಟ್ ಸಿಗುತ್ತದೆ. ಎರಡು ಆಂಟೆನಾಗಳು ಒಟ್ಟಿಗೆ ಸಾಗಿಸುವ ಎರಡು ದತ್ತಾಂಶ ಪ್ರವಾಹಗಳಿಗೆ 1201. ವೈ-ಫೈ 7ರ 160 ಮೆಗಾಹರ್ಟ್ಸ್ ಚಾನೆಲ್‌ಗೂ ಇದೇ ಲೆಕ್ಕ: 1960 ಉಪವಾಹಕ, ತಲಾ 12 ಬಿಟ್, ಎರಡು ಪ್ರವಾಹಕ್ಕೆ 2882.

ಈಗ ರಿಪೇರಿಗೆ ಬರೋಣ. ರೂಟರ್ ಇರುವ ಕೋಣೆಯಲ್ಲೇ, 5 ಗಿಗಾಹರ್ಟ್ಸ್‌ನಲ್ಲಿ, ಅದೇ ಮಾದರಿಯ ಇನ್ನೊಂದು ಫೋನ್ 1201 ತೋರಿಸುವಾಗ ನಮ್ಮದು 600 ದಾಟದಿದ್ದರೆ ಒಂದು ಆಂಟೆನಾದ ದಾರಿ ಕಡಿದಿರುವ ಸಾಧ್ಯತೆ ಹೆಚ್ಚು. ನಾನು ಹಿಂಬದಿ ತೆರೆದು ನೋಡಿದಾಗ ಕೂದಲೆಳೆಯಷ್ಟು ತೆಳುವಾದ ಆಂಟೆನಾ ವೈರಿನ ದುಂಡು ತುದಿ ಓರೆಯಾಗಿ ಕುಳಿತಿತ್ತು; ಪ್ಲಾಸ್ಟಿಕ್ ಕಡ್ಡಿಯಿಂದ ಒತ್ತಿದೊಡನೆ ಟಿಕ್ ಎಂದು ಕೂತು, ಅಂಕಿ ಸರಿಹೋಯಿತು. ಕೆಲವು ಫೋನ್‌ಗಳಲ್ಲಿ ವೈರಿನ ಬದಲು ಸ್ಪ್ರಿಂಗ್ ಕಾಲುಗಳಿರುತ್ತವೆ, ಅವು ಬಾಗಿವೆಯೇ ನೋಡಬೇಕು. ವೈ-ಫೈ ಆನ್ ಆಗದೆಯೇ ಇದ್ದರೆ ಮಾತ್ರ ಐಸಿಯ ಕಡೆ ಹೋಗುವುದು ಸರಿ.

ಪರೀಕ್ಷೆ ಒಳಕೋಣೆಯಲ್ಲಿ ಬೇಡ. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಗಳು 5 ಗಿಗಾಹರ್ಟ್ಸ್ ಅಲೆಯನ್ನು ಬಹಳವಾಗಿ ತಗ್ಗಿಸುವುದರಿಂದ ಅಲ್ಲಿ ಕಾಣುವ ಅಂಕಿ ಫೋನಿನ ದೋಷವನ್ನು ಹೇಳುವುದಿಲ್ಲ.

ವಾರಂಟಿ ಉಳಿದಿರುವ ಫೋನನ್ನು ಅಧಿಕೃತ ಸೇವಾ ಕೇಂದ್ರಕ್ಕೇ ಕಳಿಸಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಮ್ಮೆ ತೆರೆದರೆ ನೀರು ತಡೆಯುವ ಅಂಟು ಮೊದಲಿನಂತೆ ಕೂರುವುದಿಲ್ಲ. ಬಿಡಿಭಾಗ ಹಾಗೂ ವಾರಂಟಿಯ ಮಾಹಿತಿಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ರೈಟ್ ಟು ರಿಪೇರ್ ಪೋರ್ಟಲ್ ಇದೆ. ಗಿರಾಕಿಗೆ ಅದನ್ನು ಫೋನ್ ತೆರೆಯುವ ಮೊದಲೇ ತಿಳಿಸಬೇಕು.