ಕೈ ತೊಳೆಸಿ ಕರೆತರಬೇಡಿ

ಗೀಳು ಕಾಯಿಲೆಗೆ, ಅಂದರೆ ಓಸಿಡಿಗೆ, ಡೀಪ್ ಟಿಎಂಎಸ್ (ತಲೆಯ ಹೊರಗಿನಿಂದ ಕಾಂತದ ಮಿಡಿತವನ್ನು ಮಿದುಳಿಗೆ ತಾಗಿಸುವ ಚಿಕಿತ್ಸೆ) ಮಾಡಿಸಲು ಕೊಡಗಿನಿಂದ ಬೆಂಗಳೂರಿಗೆ ಹೋಗುವ ಮನೆಯವರು ಪದೇ ಪದೇ ಮಾಡುವ ತಪ್ಪೊಂದಿದೆ. ರೋಗಿಯನ್ನು ಸಮಾಧಾನ ಮಾಡಿ ಕರೆತರುತ್ತಾರೆ. ಬಸ್ಸಿನ ಕಂಬಿ ಹಿಡಿದ ಕೈಯನ್ನು ಸೋಪು ಹಾಕಿ ತೊಳೆಸಿ, "ತೋಟದ ಮೋಟರ್ ಆಫ್ ಆಗಿದೆ ಮಗಳೇ, ನಾನೇ ನೋಡಿದ್ದೇನೆ" ಎಂದು ಹತ್ತು ಸಲ ಹೇಳಿ, ಆಮೇಲೆ "ಇವತ್ತು ಆರಾಮಾಗಿದ್ದಾಳೆ ಡಾಕ್ಟ್ರೇ, ಶುರು ಮಾಡಿ" ಎನ್ನುತ್ತಾರೆ. ಪ್ರೀತಿಯಿಂದಲೇ ಮಾಡುವುದು, ಗೊತ್ತು. ಆದರೆ ಚಿಕಿತ್ಸೆಗೆ ಬೇಕಾಗಿದ್ದನ್ನೇ ಅಳಿಸಿ ತಂದ ಹಾಗಾಯಿತು.

2018ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ವಿಧಾನದಲ್ಲಿ, ಕಾಯಿಲ್ (ಹೆಲ್ಮೆಟ್ಟಿನೊಳಗೆ ಇರುವ, ಕಾಂತದ ಮಿಡಿತ ಕೊಡುವ ಸುರುಳಿ) ಚಾಲೂ ಮಾಡುವ ಮೊದಲು ಗೀಳನ್ನು ಬೇಕೆಂದೇ ಕೆಣಕುತ್ತಾರೆ. ಪ್ರತಿದಿನವೂ. ಚಡಪಡಿಕೆ ಹತ್ತಕ್ಕೆ 4ರಿಂದ 7ರವರೆಗೆ ಏರಬೇಕು. ಅಂಕಿ ಹೇಳಬೇಕಾದವರು ರೋಗಿ, ಅಮ್ಮ ಅಲ್ಲ. ಕೊಳೆಯ ಭಯದವರಿಗೆ ತೋಟದ ಬೂಟಿಗೆ ಮೆತ್ತಿದ ಒಣಮಣ್ಣನ್ನು ಕವರಿನಲ್ಲಿ ತಂದು ಬೆರಳ ತುದಿಗೆ ಮುಟ್ಟಿಸಿದರೂ ಸಾಕಾಗಬಹುದು. ಕೋವಿ ಖಾಲಿ ಇದೆಯೇ ಎಂದು ರಾತ್ರಿಯಿಡೀ ಎದ್ದು ನೋಡುವವರಿಗೆ ಬೀರುವಿನ ಫೋಟೋ ಸಾಕು. ಕೋವಿ ತರುವ ಮಾತೇ ಬೇಡ. ಏಳನ್ನು ದಾಟಿದರೆ ಕುರ್ಚಿಯಲ್ಲಿ ಕೂರುವುದೇ ಕಷ್ಟ, ಹಾಗಾಗಿ ಸ್ವಲ್ಪ ಇಳಿಸಿಕೊಳ್ಳುತ್ತಾರೆ.

ಏಕೆ ಕೆಣಕಬೇಕು? ಹಣೆಯ ಹಿಂದೆ, ಮಿದುಳಿನ ನಡುಭಾಗದಲ್ಲಿ "ಏನೋ ತಪ್ಪಾಗಿದೆ" ಎಂದು ಎಚ್ಚರಿಸುವ ಜಾಲವೊಂದಿದೆ. ಅದು ಕೆಲಸ ಮಾಡುತ್ತಿರುವಾಗಲೇ ಕಾಂತದ ಮಿಡಿತ ತಾಗಿದರೆ ಬದಲಾವಣೆ ಸುಲಭ ಎಂಬುದು ಇದರ ಹಿಂದಿನ ತರ್ಕ. ತರ್ಕ ಎಂದೇ ಹೇಳುತ್ತೇನೆ, ಕೊನೆಯ ಮಾತು ಎಂದಲ್ಲ. ಎಂಟರಾಕಾರದ ಕಾಯಿಲ್‌ನಿಂದ ನಿಧಾನಗತಿಯ ಮಿಡಿತ ಕೊಡುವ ಕಡೆ ಸಾಮಾನ್ಯವಾಗಿ ಕೆಣಕುವುದಿಲ್ಲ. ನಿಮ್ಮದು ಯಾವುದು ಎಂದು ಮೊದಲೇ ಕೇಳಿಕೊಳ್ಳಿ.

ಉಳಿದದ್ದು ಯಂತ್ರದ ಕೆಲಸ. ಇದು ಕರೆಂಟ್ ಶಾಕ್ ಅಲ್ಲ, ಅರಿವಳಿಕೆ ಇಲ್ಲ. ತಲೆಯ ಯಾವ ಜಾಗದಲ್ಲಿ ಮಿಡಿತ ಕೊಟ್ಟರೆ ಪಾದ ಅದುರುತ್ತದೆ ಎಂದು ಹುಡುಕಿ, ಅದಕ್ಕೆ ಬೇಕಾದ ಕನಿಷ್ಠ ಶಕ್ತಿಯನ್ನು ಅಳೆದು, ಹೆಲ್ಮೆಟನ್ನು ಅಲ್ಲಿಂದ 4 ಸೆಂಟಿಮೀಟರ್ ಮುಂದಕ್ಕೆ ಸರಿಸುತ್ತಾರೆ. 2 ಸೆಕೆಂಡು ಟಕಟಕ, 20 ಸೆಕೆಂಡು ಬಿಡುವು. ಹೀಗೆ 50 ಸಲ, ಒಟ್ಟು 2,000 ಮಿಡಿತ, ಸುಮಾರು 18 ನಿಮಿಷ. ಕಿವಿಗೆ ಪ್ಲಗ್ ಬೇಕೇ ಬೇಕು.

ಈ 18 ನಿಮಿಷ ರೋಗಿಯ ಕೈ ನೋಡಿ. ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದರೆ ಅದೂ ತೊಳೆಯುವುದೇ. ಕಣ್ಣಿಗೆ ಕಾಣದ್ದೂ ಇರುತ್ತದೆ: ಕೊಡಗಿನ ದೇವರು ಇಗ್ಗುತಪ್ಪನ ಹೆಸರನ್ನು ಮನಸ್ಸಿನಲ್ಲೇ ಇಪ್ಪತ್ತೊಂದು ಸಲ ಎಣಿಸುವುದು, ತಪ್ಪಿದರೆ ಮೊದಲಿನಿಂದ. ಪ್ರಾರ್ಥನೆ ತಪ್ಪಲ್ಲ; ಎಣಿಕೆ ತಪ್ಪಿತೆಂದು ಎದೆ ನಡುಗಿದರೆ ಅದು ಕಾಯಿಲೆ. ಟೆಕ್ನಿಷಿಯನ್‌ಗೆ ಹೇಳಿಬಿಡಿ, ನಾಚಿಕೆ ಬೇಡ.

ಮಿಡಿತದಿಂದ ಫಿಟ್ಸ್ ಬರುವುದು ಅಪರೂಪ, ಆದರೆ ನಿದ್ದೆಗೆಟ್ಟ ರಾತ್ರಿ ಮತ್ತು ಮದ್ಯ ಆ ಅಪಾಯವನ್ನು ಹೆಚ್ಚಿಸುತ್ತವೆ. ವಾರಾಂತ್ಯಕ್ಕೆ ಊರಿನ ಮದುವೆಗೆ ಹೋಗಿ ಬಂದಿದ್ದರೆ ಸೋಮವಾರ ಮುಚ್ಚಿಡಬೇಡಿ. ಗೀಳಿಗೆ ಕೊಡುವ ಕ್ಲೋಮಿಪ್ರಮಿನ್‌ನಂಥ ಮಾತ್ರೆ ಇದ್ದರೂ ತಿಳಿಸಿ. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ತಲೆಯಲ್ಲಿ ಲೋಹದ ಕ್ಲಿಪ್, ಕಿವಿಯ ಇಂಪ್ಲಾಂಟ್ ಇದ್ದವರಿಗೆ ಇದು ಆಗದು.

ಫಲವನ್ನು ಹಿಗ್ಗಿಸಿ ಹೇಳುವುದು ಸರಿಯಲ್ಲ. ಒಪ್ಪಿಗೆಗೆ ಕಾರಣವಾದ ಪರೀಕ್ಷೆಯಲ್ಲಿ ಆರು ವಾರದ ಕೊನೆಗೆ ಗಣನೀಯವಾಗಿ ಚೇತರಿಸಿಕೊಂಡವರು ನೂರಕ್ಕೆ ಸುಮಾರು 38. ಹುಸಿ ಚಿಕಿತ್ಸೆ ಪಡೆದವರಲ್ಲಿ 11.

ಒಟ್ಟು 29 ಸರದಿ, ವಾರಕ್ಕೆ ಐದು ದಿನ. ಮಡಿಕೇರಿಯಿಂದ ದಿನವೂ ಓಡಾಡಲಾಗದು. ಕಾಫಿ ಕೊಯ್ಲಿಗೂ, ಮರ ಬಿದ್ದು ರಸ್ತೆ ಕಟ್ಟುವ ಮಳೆಗಾಲಕ್ಕೂ ಸಿಗದ ಏಪ್ರಿಲ್–ಮೇ ತಿಂಗಳು ಅನುಕೂಲ. ಉಳಿದುಕೊಳ್ಳುವುದು ನೆಂಟರ ಮನೆಯಲ್ಲಾದರೆ ಅವರಿಗೂ ಹೇಳಿಡಿ: "ಬಾಗಿಲಿಗೆ ಬೀಗ ಹಾಕಿದೆಯಾ?" ಎಂದು ಎರಡನೇ ಸಲ ಕೇಳಿದರೆ ಉತ್ತರ ಕೊಡಬೇಡಿ, ಪಕ್ಕದಲ್ಲಿ ಕೂತಿರಿ.