ಅಳಿವೆ ಬಾಗಿಲಿನ ಲೆಕ್ಕಾಚಾರ

ಉಳ್ಳಾಲದ ಅಬ್ಬಕ್ಕ ಎಂದೊಡನೆ ನಮಗೆ ಕತ್ತಿ ಮತ್ತು ಉರಿಯುವ ಹಡಗು ನೆನಪಾಗುತ್ತವೆ. ಆದರೆ ಆ ಕಾಲದ ಕರಾವಳಿಯ ಕದನಗಳಲ್ಲಿ ಅಕ್ಕಿ, ಅಳಿವೆ ಮತ್ತು ಮಳೆಗಾಲದ ಪಾತ್ರ ಕತ್ತಿಗಿಂತ ದೊಡ್ಡದು.

ಒಂದು ಕಾಳಗ ಗೆಲ್ಲುವುದು ತಂತ್ರ. ಯುದ್ಧದ ಗುರಿ ನಿಶ್ಚಯಿಸುವುದು ರಣನೀತಿ. ಯಾವ ಕಾಳಗ ಎಲ್ಲಿ, ಯಾವ ತಿಂಗಳಲ್ಲಿ, ಯಾವ ದಾಸ್ತಾನಿನ ಬಲದ ಮೇಲೆ ಎಂದು ಇವೆರಡರ ನಡುವೆ ಹೊಂದಿಸುವುದು ಕಾರ್ಯಾಚರಣಾ ಕಲೆ. 1920ರ ದಶಕದಲ್ಲಿ ಸೋವಿಯತ್ ಚಿಂತಕ ಅಲೆಕ್ಸಾಂಡರ್ ಸ್ವೆಚಿನ್ ಇದಕ್ಕೆ ಹೆಸರಿಟ್ಟದ್ದು ನೆಲದ ಯುದ್ಧವನ್ನು ನೋಡಿ. ಕಡಲಲ್ಲಿ ಅದು ಹೆಸರಿಲ್ಲದೆಯೇ ನಡೆದು ಬಂದಿತ್ತು.

1509ರಲ್ಲಿ ದೀವ್ ಬಳಿ ಈಜಿಪ್ಟ್, ಗುಜರಾತ್, ಕಲ್ಲಿಕೋಟೆಗಳ ಕೂಟವನ್ನು ಪೋರ್ಚುಗೀಸರು ಸೋಲಿಸಿದರು. ಅಷ್ಟರಿಂದಲೇ ಕಡಲು ಯಾರ ಕೈಗೂ ಬರುವುದಿಲ್ಲ. ಅವರ ಗವರ್ನರ್ ಅಲ್ಬುಕರ್ಕ್ 1510ರಲ್ಲಿ ಗೋವಾವನ್ನು ನೆಲೆಯಾಗಿ ಹಿಡಿದ. 1511ರಲ್ಲಿ ಮಲಾಕ್ಕಾ, 1515ರಲ್ಲಿ ಹೊರ್ಮುಜ್, ಎರಡೂ ಹಡಗುಗಳು ಹಾಯಲೇಬೇಕಾದ ಇಕ್ಕಟ್ಟಿನ ದಾರಿಗಳು. 1513ರಲ್ಲಿ ಏಡನ್ ದಕ್ಕಲಿಲ್ಲ, ಹಾಗಾಗಿ ಕೆಂಪು ಸಮುದ್ರದ ಕಡೆಗೆ ಮೆಣಸು ಸೋರುತ್ತಲೇ ಹೋಯಿತು. ಉಳಿದ ವ್ಯಾಪಾರಕ್ಕೆ ಕರ್ತಾಜ್ ಎಂಬ ಪರವಾನಗಿ ಬಂತು. ಅದಿಲ್ಲದ ಹಡಗು ಸರಕಿನ ಸಮೇತ ಜಪ್ತಿ.

ನಮ್ಮ ಕರಾವಳಿಯ ಪ್ರಶ್ನೆಯೇ ಬೇರೆ. ಗೋವಾಕ್ಕೆ ಬಸ್ರೂರು, ಮಂಗಳೂರಿನ ಅಕ್ಕಿ ಬೇಕಿತ್ತು. ನೇತ್ರಾವತಿ, ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಕಡೆ ಮರಳಿನ ದಿಬ್ಬ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಆಳ ತಳದ ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು. ಹುಟ್ಟು ಹಾಕುವ ಚಿಕ್ಕ ದೋಣಿ ಒಳಗೆ ನುಸುಳಿ ಅಡಗಬಹುದು. ಮಲಬಾರಿನ ಹೋರಾಟಗಾರರು ಮಾಡಿದ್ದೂ ಅದನ್ನೇ. ದೊಡ್ಡ ತೋಪುಗಳಿದ್ದ ಹಡಗು ಇಲ್ಲಿ ನಿಷ್ಪ್ರಯೋಜಕ. ಹಾಗಾಗಿ 1568ರಲ್ಲಿ ಮಂಗಳೂರಿನಲ್ಲಿ, ಮರುವರ್ಷ ಹೊನ್ನಾವರ ಮತ್ತು ಬಸ್ರೂರು ಕಡೆ ಪೋರ್ಚುಗೀಸರ ಕೋಟೆಗಳೆದ್ದವು. ಅಕ್ಕಿ ದೋಣಿಗಳು ಗುಂಪಾಗಿ, ಕಾವಲು ಪಡೆಯೊಂದಿಗೆ ಗೋವಾಕ್ಕೆ ಹೊರಡತೊಡಗಿದವು.

ಈ ಏರ್ಪಾಡಿನ ದುರ್ಬಲ ಕೊಂಡಿ ಮುಂಗಾರು. ಜೂನ್‌ನಿಂದ ಆಗಸ್ಟ್‌ವರೆಗೆ ಕಡಲು ಮುಚ್ಚುತ್ತದೆ. ಮೇ ಕೊನೆಗೆ ಉಗ್ರಾಣದಲ್ಲಿ ಅಕ್ಕಿ, ಮದ್ದುಗುಂಡು ಎಷ್ಟಿದೆಯೋ ಅಷ್ಟರಲ್ಲೇ ಕೋಟೆ ಉಳಿಯಬೇಕು. ಗೋವಾದಲ್ಲಿ ನೂರು ಹಡಗಿದ್ದರೂ ಪ್ರಯೋಜನವಿಲ್ಲ. ಇನ್ನೊಂದು ಎಡವಟ್ಟು: ಅಳಿವೆ ಕೋಟೆಯವರ ಕೈಯಲ್ಲಿ, ಗದ್ದೆ ಮಾತ್ರ ಘಟ್ಟದ ಮೇಲಿನ ದೊರೆಯ ಕೈಯಲ್ಲಿ. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕ ಈ ಕೋಟೆಗಳನ್ನು ನೆಲದ ಕಡೆಯಿಂದಲೇ ಕಿತ್ತುಕೊಂಡ. ಪೋರ್ಚುಗೀಸರು ಆಗ ಸಿಂಹಳದಲ್ಲಿ ಡಚ್ಚರ ಜತೆ ಸಿಕ್ಕಿಬಿದ್ದಿದ್ದರು. ನನ್ನ ಮಟ್ಟಿಗೆ ಈ ಕರಾವಳಿಯ ಅತ್ಯಂತ ಅಚ್ಚುಕಟ್ಟಾದ ನೌಕಾ ಗೆಲುವು ಇದೇ, ಗೆದ್ದವನಿಗೆ ದೊಡ್ಡ ನೌಕಾಪಡೆ ಬೇಕಾಗಲಿಲ್ಲ ಅನ್ನುವುದು ಬೇರೆ ಮಾತು.

1783ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗಲೂ ಇಂಗ್ಲಿಷ್ ಕಾವಲುಪಡೆಯನ್ನು ಮಣಿಸಿದ್ದು ಮುಖ್ಯವಾಗಿ ಹಸಿವು ಮತ್ತು ರೋಗ. 1784ರ ಜನವರಿ ಕೊನೆಗೆ ಅದು ಶರಣಾಯಿತು. ಗುರುಪುರ ನದಿಯ ಮೇಲೆ ಕಣ್ಣಿಡಲು ಬೋಳೂರಿನಲ್ಲಿ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಈಗಲೂ ಇದೆ.

1971ರಲ್ಲಿ ಭಾರತೀಯ ನೌಕಾಪಡೆ ಇದೇ ಬಗೆಯ ಜೋಡಣೆ ಮಾಡಿತು. ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು ಬಂದರು ಕಾವಲಿಗೆಂದು ತಂದವು, ದೂರ ಓಡಲಾರವು. ದಾರಿ ಮತ್ತು ಗುರಿ ಹುಡುಕಲು ಕಿಲ್ತಾನ್, ಕಚ್ಚಾಲ್ ಎಂಬ ದೊಡ್ಡ ಯುದ್ಧನೌಕೆಗಳು ಜತೆಗೆ ಹೊರಟವು. ಇಂಧನಕ್ಕೆ ಪೋಷಕ್ ಎಂಬ ಟ್ಯಾಂಕರ್. ಡಿಸೆಂಬರ್ 4ರ ರಾತ್ರಿ ಕರಾಚಿ ಹೊರಗೆ ಪಾಕಿಸ್ತಾನದ ಖೈಬರ್, ಮುಹಾಫಿಜ್ ನೌಕೆಗಳು ಮುಳುಗಿದವು. ನಾಲ್ಕು ರಾತ್ರಿ ಬಿಟ್ಟು ವಿನಾಶ್ ಎಂಬ ಒಂದೇ ಕ್ಷಿಪಣಿ ದೋಣಿ ತಲ್ವಾರ್, ತ್ರಿಶೂಲ್ ಬೆಂಗಾವಲಿನಲ್ಲಿ ಮತ್ತೆ ಹೋಯಿತು. ಈ ಸಲ ಕರಾಚಿ ಬಂದರಿನ ಕೆಮಾರಿಯ ತೈಲ ಟ್ಯಾಂಕುಗಳಿಗೂ ಬೆಂಕಿ ಬಿತ್ತು.