ಪತ್ರಿಕೆಯ ಗೆರೆ ಪರದೆಗೆ ಬಂದ ಬಗೆ: ಕರಿಬೆಕ್ಕಿನ ನೆರಳಾಟ

ಕ್ಯಾಬರೆ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಹಳೆಯ ಸಿನಿಮಾಗಳ ಕುಣಿತ. ಹಾಲೆಂಡಿನವರಿಗೆ ಅದು ಬೇರೆಯದೇ ಕಲೆ. ಒಬ್ಬರೋ ಇಬ್ಬರೋ ವೇದಿಕೆಗೆ ಬಂದು ಹಾಡು, ಮಾತು, ವಿಡಂಬನೆಗಳಲ್ಲಿ ನಾಡಿನ ಆಗುಹೋಗುಗಳನ್ನು ಕೆಣಕುವ ಆಟ ಅದು. ಪತ್ರಿಕೆಗೆ ಬರೆಯುವವರು, ಚಿತ್ರ ಬಿಡಿಸುವವರು ಆ ವೇದಿಕೆ ಹತ್ತಿದ ದಾರಿ ಮೊದಲು ಸವೆದದ್ದು ಪ್ಯಾರಿಸ್ಸಿನ ಮೊಂಮಾರ್ತ್ರ ಗುಡ್ಡದ ಬುಡದಲ್ಲಿ.

1881ರ ಜುಲೈ 29ರ ಪತ್ರಿಕಾ ಕಾಯ್ದೆ ಬರುವವರೆಗೂ ಫ್ರಾನ್ಸಿನಲ್ಲಿ ವ್ಯಂಗ್ಯಚಿತ್ರ ಅಚ್ಚಾಗುವ ಮೊದಲು ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಕಾಯ್ದೆ ಆ ಕಟ್ಟನ್ನು ಬಿಚ್ಚಿತು. ಅದೇ ನವೆಂಬರಿನಲ್ಲಿ ರೊದೊಲ್ಫ್ ಸಾಲಿಸ್ ‘ಷಾ ನ್ವಾರ್’, ಅಂದರೆ ಕರಿಬೆಕ್ಕು ಎಂಬ ಪಾನಗೃಹ ತೆರೆದ. 1882ರ ಜನವರಿಯಲ್ಲಿ ಅದೇ ಹೆಸರಿನ ವಾರಪತ್ರಿಕೆಯೂ ಹೊರಟಿತು. ಆದೊಲ್ಫ್ ವಿಲೆತ್, ಸ್ಟೈನ್ಲೆನ್, ಕಾರಾನ್ ದಾಷ್ ಅದರಲ್ಲಿ ಮಾತಿಲ್ಲದ ಚಿತ್ರಕತೆಗಳನ್ನು ಬರೆದರು. ನಾಟಕದ ಸೆನ್ಸಾರ್ ಮಾತ್ರ 1906ರವರೆಗೂ ಉಳಿಯಿತು. ಕಾಗದದ ಮೇಲೆ ಸಿಕ್ಕ ಸ್ವಾತಂತ್ರ್ಯ ರಂಗದ ಮೇಲೆ ಸಿಕ್ಕಿರಲಿಲ್ಲ ಎಂಬುದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

1885ರಲ್ಲಿ ಷಾ ನ್ವಾರ್ ದೊಡ್ಡ ಕಟ್ಟಡಕ್ಕೆ ಹೋಯಿತು. ಅಲ್ಲೊಂದು ಪುಟ್ಟ ಬೊಂಬೆಯಾಟದ ಚೌಕಟ್ಟು ಇತ್ತು. ಜ್ಯೂಲ್ ಜೂಯಿ ಪೊಲೀಸರ ಮೇಲಿನ ಹಾಡು ಹಾಡುತ್ತಿದ್ದಾಗ ಆನ್ರಿ ರಿವಿಯೇರ್ ಎಂಬ ಯುವ ಚಿತ್ರಕಾರ ಆ ಚೌಕಟ್ಟಿಗೆ ಊಟದ ಮೇಜಿನ ಬಿಳಿ ಬಟ್ಟೆ ಕಟ್ಟಿ, ಹಿಂದಿನಿಂದ ದೀಪ ಹಿಡಿದು, ರಟ್ಟಿನಲ್ಲಿ ಕತ್ತರಿಸಿದ ಪೊಲೀಸರನ್ನು ಸಾಲಾಗಿ ನಡೆಸಿದ. ನೆರಳಾಟ ಶುರುವಾದದ್ದು ಇಷ್ಟರಿಂದಲೇ.

1886ರ ಡಿಸೆಂಬರಿನಲ್ಲಿ ಕಾರಾನ್ ದಾಷ್ ನೆಪೋಲಿಯನ್ನನ ದಂಡಯಾತ್ರೆಗಳ ಮೇಲೆ ‘ಲೆಪೊಪೆ’, ಅಂದರೆ ಮಹಾಕಾವ್ಯ ಎಂಬ ನೆರಳಾಟ ತಂದ. ಮಾಸ್ಕೋದಲ್ಲಿ ಹುಟ್ಟಿದ ಎಮಾನ್ಯುಯೆಲ್ ಪ್ವಾರೆ ಇವನು; ಕಾವ್ಯನಾಮ ರಷ್ಯನ್ ಭಾಷೆಯಲ್ಲಿ ಪೆನ್ಸಿಲ್ ಎಂಬ ಅರ್ಥದ ಪದದಿಂದ ಬಂದದ್ದು. ಫ್ರೆಂಚ್ ಸೇನೆಯಲ್ಲಿದ್ದಾಗ ಸಮವಸ್ತ್ರಗಳನ್ನು ಚಿತ್ರಿಸಿದ್ದ ಕೈ ಅದು. ಟೋಪಿಯ ಆಕಾರ, ಕುದುರೆಯ ನಡೆ ತಪ್ಪುತ್ತಿರಲಿಲ್ಲ.

ಆದರೆ ಪತ್ರಿಕೆಯ ಚಿತ್ರವನ್ನು ಹಾಗೇ ಪರದೆಗೆ ಹಾಕಲಾಗದು. ಕಣ್ಣು, ಹುಬ್ಬು, ಮುಖದ ಸುಕ್ಕು, ಎಲ್ಲ ಒಳಗೆರೆಗಳೂ ನೆರಳಿನಲ್ಲಿ ಮಾಯ. ಉಳಿಯುವುದು ಅಂಚು ಮಾತ್ರ. ಆದ್ದರಿಂದ ಮುಖ ಪಕ್ಕಕ್ಕೆ ತಿರುಗಿರಬೇಕು, ಕೈ ಮೈಯಿಂದ ಬಿಡಿಸಿಕೊಂಡಿರಬೇಕು, ಇಬ್ಬರ ನಡುವೆ ಬೆಳಕು ತೂರುವಷ್ಟು ಸಂದು ಬೇಕು. ಇಲ್ಲದಿದ್ದರೆ ಎಲ್ಲ ಕೂಡಿ ಒಂದು ಕಪ್ಪು ಮುದ್ದೆ. ಒಳಗೆರೆ ಬೇಕೇಬೇಕೆಂದರೆ ತಗಡಿನಲ್ಲಿ ಸೀಳು ಕೊರೆಯಬೇಕು. ರಟ್ಟು ಬಿಸಿಗೆ ಸೊಟ್ಟಾಗುತ್ತದೆ, ತೆಳ್ಳನೆಯ ಬಂದೂಕು, ಬಾವುಟದ ಕೋಲು ಬಾಗುತ್ತವೆ. ಹಾಗಾಗಿ ಸತುವಿನ ತಗಡಿಗೆ ಬಂದರು. ಕಾರಾನ್ ದಾಷ್‌ನ ಜಾಣತನ ದಂಡಿನ ಸಾಲಿನಲ್ಲಿತ್ತು: ಮುಂದಿನ ಸೈನಿಕ ದೊಡ್ಡವನು, ಹಿಂದಿನವರು ಕ್ರಮವಾಗಿ ಸಣ್ಣವರು. ಸುಮಾರು 1.4 ಮೀಟರ್ ಅಗಲದ ಪರದೆಯಲ್ಲಿ ಸೈನ್ಯವೇ ದೂರಕ್ಕೆ ಹಬ್ಬಿದಂತೆ ಕಾಣುತ್ತಿತ್ತು.

ರಿವಿಯೇರ್ ಇನ್ನೂ ಮುಂದೆ ಹೋದ. ತಗಡುಗಳನ್ನು ಪರದೆಯಿಂದ ಮೂರು ಅಂತರಗಳಲ್ಲಿ ನಿಲ್ಲಿಸಿದ. ಪರದೆಗೆ ಹತ್ತಿದ್ದು ಚೂಪಾದ ಕಡುಕಪ್ಪು. ಹಿಂದೆ ಸರಿದಷ್ಟೂ ನೆರಳು ದೊಡ್ಡದಾಗಿ, ಅಂಚು ಮಸುಕಾಗಿ, ಬೂದುಬಣ್ಣಕ್ಕೆ ತಿರುಗುತ್ತದೆ. ದೂರದ ಬೆಟ್ಟಕ್ಕೆ ಈ ಬೂದು, ಎದುರಿನ ಮರಕ್ಕೆ ಆ ಕಪ್ಪು. ದೀಪದ ಮುಂದೆ ಬಣ್ಣದ ಗಾಜು ಸರಿಸಿದರೆ ಸಂಜೆ ಇಳಿಯುತ್ತಿತ್ತು. ಬೆಳಕು ಸುಣ್ಣದ್ದು: ಆಮ್ಲಜನಕ, ಜಲಜನಕಗಳ ಉರಿಯನ್ನು ಸುಣ್ಣದ ತುಂಡಿಗೆ ಹಾಯಿಸಿದರೆ ಅದು ಪ್ರಖರವಾಗಿ ಬೆಳಗುತ್ತದೆ. ಉರಿ ಒಂದೇ ಕಡೆ ಬಿದ್ದರೆ ಸುಣ್ಣ ಗುಳಿಬಿದ್ದು ಬೆಳಕು ಕುಂದುತ್ತದೆ, ಆಗಾಗ ತಿರುಗಿಸುತ್ತಿರಬೇಕು. ಎರಡು ಅನಿಲಗಳೂ ಉರಿಯುವ ಬಾಯಿಗೆ ಬರುವ ಮೊದಲೇ ಬೆರೆತು ಕಿಡಿ ತಾಗಿದರೆ ಸ್ಫೋಟವೇ. ಪರದೆಯ ಹಿಂದೆ ಇಷ್ಟು ಕೆಲಸಕ್ಕೆ ಹತ್ತಕ್ಕೂ ಹೆಚ್ಚು ಜನ ಬೇಕಾಗುತ್ತಿದ್ದರು. 1890ರ ‘ನಕ್ಷತ್ರದತ್ತ ನಡಿಗೆ’ಗೆ ಜಾರ್ಜ್ ಫ್ರಾಜ್ರೋಲ್ ಸಂಗೀತ ಕೊಟ್ಟ; ಈ ಕಲೆ ತಲುಪಿದ ಎತ್ತರಗಳಲ್ಲಿ ಅದೊಂದು.

ಇನ್ನು ಮಾತು. ಪರದೆಯ ಪಕ್ಕ ನಿಂತು ಸಾಲಿಸ್ ವಿವರಣೆ ಹೇಳುತ್ತಿದ್ದ, ಆಯಾ ದಿನದ ರಾಜಕೀಯವನ್ನು ಸೇರಿಸಿ, ಸಭೆಯಲ್ಲಿದ್ದವರನ್ನು ಎಳೆದು ತಂದು, ಒಂದು ರಾತ್ರಿ ಇದ್ದಂತೆ ಇನ್ನೊಂದು ರಾತ್ರಿ ಇಲ್ಲದಂತೆ. ಬಾಯಿಗೆ ಬಂದಂತೆ ಹುಟ್ಟುವ ಮಾತನ್ನು ಮೊದಲೇ ಬರೆದು ಸೆನ್ಸಾರಿಗೆ ಒಪ್ಪಿಸುವುದು ಹೇಗೆ? ಇಂದಿನ ಕ್ಯಾಬರೆ ಮಾತುಗಾರಿಕೆಯ ಬೇರನ್ನು ನಾವು ಹುಡುಕಬೇಕಾದ್ದು ಇಲ್ಲೇ ಎಂದು ನಮ್ಮ ಅಭಿಪ್ರಾಯ.

ಕಾರಾನ್ ದಾಷ್ ಮತ್ತೆ ಪತ್ರಿಕೆಗೆ ಮರಳಿದ. ಅದೇ ಲೇಖನಿಯನ್ನು 1898ರಲ್ಲಿ ‘ಪ್ಸ್ಟ್’ ವಾರಪತ್ರಿಕೆಯಲ್ಲಿ ದೇಶದ್ರೋಹದ ಸುಳ್ಳು ಆರೋಪ ಹೊತ್ತಿದ್ದ ಯಹೂದಿ ಸೇನಾಧಿಕಾರಿ, ನಿರಪರಾಧಿ ಡ್ರೈಫಸ್‌ನ ವಿರುದ್ಧ ಹರಿಯಬಿಟ್ಟದ್ದು ಬೇಸರದ ಸಂಗತಿ. 1897ರಲ್ಲಿ ಸಾಲಿಸ್ ತೀರಿಕೊಂಡ, ಷಾ ನ್ವಾರ್ ಮುಚ್ಚಿತು.

ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ಪಿಯಾನೊ ನುಡಿಸಿ ಬಂದಿದ್ದ ಎಡ್ವರ್ಡ್ ಯಾಕೊಬ್ಸ್ 1895ರಲ್ಲೇ ಆಮ್ಸ್ಟರ್‌ಡಾಮಿನ ಕ್ವೆಲ್ಲೈನ್ ಬೀದಿಯಲ್ಲಿ ಡಚ್ಚರ ಮೊದಲ ಕ್ಯಾಬರೆ ಆರಂಭಿಸಿದ್ದ. 1907ರಲ್ಲಿ ಪತ್ರಕರ್ತ ಜಾನ್ ಲೂಯಿ ಪಿಸ್ವಿಸ್ ಸಹೋದ್ಯೋಗಿಯೊಡನೆ ಇಟಾಲಿಯನ್ ಬೀದಿಗಾಯಕನ ವೇಷ ತೊಟ್ಟು ಊರೂರು ತಿರುಗಿ, ಆಮೇಲೆ ಕ್ಯಾಬರೆಗೇ ನಿಂತ. ಅವನಿಗಿಂತ ಮೊದಲೇ ರಾಟರ್‌ಡಾಮಿನ ಕೋಸ್ ಸ್ಪೇನ್‌ಹೊಫ್ ತನ್ನ ಹಾಡುಗಳನ್ನು ತಾನೇ ಹಾಡುತ್ತ, ಅವುಗಳಿಗೆ ಚಿತ್ರವನ್ನೂ ತಾನೇ ಬರೆಯುತ್ತಿದ್ದ. 1903ರ ಅವನ ಸಂಕಲನದ ಹೆಸರು ‘ಹಾಡು, ಮಟ್ಟು, ಚಿತ್ರ’.